ಚಕ್ರದ ಹೊಳಪು, ಲೋಹದ ಖರ್ಚು



ಕಾರು ಕೊಳ್ಳಲು ಮನೆಮಂದಿಯೆಲ್ಲ ಶೋರೂಮಿಗೆ ಹೋಗಿರುತ್ತಾರೆ. ಬಣ್ಣ ಯಾವುದಿರಲಿ ಎಂದು ಅರ್ಧ ಗಂಟೆ ಚರ್ಚೆ ನಡೆದಿರುತ್ತದೆ. ಆಗ ಮಾರಾಟದ ಹುಡುಗ ಮೆಲ್ಲಗೆ ಒಂದು ಮಾತು ಬಿಡುತ್ತಾನೆ: "ಸಾರ್, ಇನ್ನೊಂಚೂರು ಮೇಲಿನ ಮಾಡೆಲ್ ತಗೊಂಡ್ರೆ ಡೈಮಂಡ್ ಕಟ್ ಅಲಾಯ್ ಬರುತ್ತೆ." ಚಕ್ರದ ಕಡ್ಡಿಗಳ ಮುಖ ಬೆಳ್ಳಗೆ ಫಳಫಳ, ನಡುವಿನ ತಗ್ಗುಗಳಲ್ಲಿ ಕಪ್ಪು ಬಣ್ಣ. ಈ ಕಪ್ಪು ಬಿಳುಪಿನ ಜೋಡಿಗೆ ಮನಸೋಲದವರು ಕಡಿಮೆ. ಎರಡು ಮೂರು ಮಳೆಗಾಲ ಕಳೆಯುವ ಹೊತ್ತಿಗೆ ಅದೇ ಚಕ್ರ ಯಜಮಾನನಿಗೆ ತಲೆನೋವಾಗಿರುತ್ತದೆ. ಇವತ್ತಿನ ಮಾತು ಆ ತಲೆನೋವಿನ ಬಗ್ಗೆ, ಅದನ್ನು ವಾಸಿ ಮಾಡುವ ಕಸುಬಿನ ಬಗ್ಗೆ.

ಬೆಂಗಳೂರಿನ ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಎಲ್ಲಿಯದಾದರೂ ಸರಿ, ಅಪಾರ್ಟ್‌ಮೆಂಟಿನ ಪಾರ್ಕಿಂಗಿಗೆ ಇಳಿದು ನಾಲ್ಕೈದು ವರ್ಷ ಓಡಿದ ಇಂಥ ಒಂದು ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿ. ಹೊಳೆಯುವ ಮುಖದ ಮೇಲೆ ಬೆಳ್ಳನೆಯ ಸಣ್ಣ ಗೆರೆಗಳು ಕಾಣುತ್ತವೆ. ಅರ್ಧ ಮಿಲಿಮೀಟರ್ ಅಗಲವೂ ಇರುವುದಿಲ್ಲ. ಕಲ್ಲು ತಾಗಿ ಚುಕ್ಕಿಯಷ್ಟು ಲೇಪ ಹಾರಿಹೋದ ಒಂದು ಜಾಗದಿಂದ ಹೊರಟು ವಂಕಿವಂಕಿಯಾಗಿ ಹರಿದಿರುತ್ತವೆ. ಒಂದು ಗೆರೆ ಇನ್ನೊಂದನ್ನು ಸಾಮಾನ್ಯವಾಗಿ ದಾಟುವುದಿಲ್ಲ; ಹತ್ತಿರ ಬಂದು ಪಕ್ಕಕ್ಕೆ ತಿರುಗಿಬಿಡುತ್ತದೆ. ಬೆರಳು ಸವರಿದರೆ ಅಲ್ಲಿ ಲೇಪ ತುಸು ಉಬ್ಬಿದ್ದು ತಿಳಿಯುತ್ತದೆ, ಆದರೆ ಹರಿದಿರುವುದಿಲ್ಲ. ಎಂದರೆ ಕೊಳೆ ಮೇಲಿನದಲ್ಲ, ಒಳಗಿನದು. ಎಷ್ಟು ಉಜ್ಜಿದರೂ, ಎಂಥ ಪಾಲಿಶ್ ಹಾಕಿದರೂ ಹೋಗುವುದಿಲ್ಲ.

ಇದು ಹೇಗಾಯಿತು ಎಂದು ತಿಳಿಯಬೇಕಾದರೆ ಚಕ್ರ ಹೇಗಾಯಿತು ಎಂದು ಮೊದಲು ತಿಳಿಯಬೇಕು. ಅಲಾಯ್ ಚಕ್ರದಲ್ಲಿ ಹೆಚ್ಚಿನ ಪಾಲು ಅಲ್ಯೂಮಿನಿಯಂ. ನೂರಕ್ಕೆ ಸುಮಾರು 7 ಪಾಲು ಸಿಲಿಕಾನ್, ಅತ್ಯಲ್ಪ ಮೆಗ್ನೀಷಿಯಂ. ಕರಗಿಸಿ ಅಚ್ಚಿಗೆ ಹೊಯ್ದು, ಕಾಯಿಸಿ ಹದ ಮಾಡಿ, ಮೈಗೆಲ್ಲ ಬಣ್ಣ ಬಳಿಯುತ್ತಾರೆ. ಮಾಮೂಲಿ ಅಲಾಯ್ ಇಲ್ಲಿಗೆ ಮುಗಿಯಿತು. ಡೈಮಂಡ್ ಕಟ್ ಬೇಕಾದರೆ, ಬಣ್ಣ ಬಳಿದ ಚಕ್ರವನ್ನು ಲೇತ್‌ಗೆ ಕಟ್ಟಿ, ಮುಖದ ಮೇಲಿನ ಬಣ್ಣವನ್ನೂ ಅದರಡಿಯ ಒಂದು ತೆಳು ಪದರ ಲೋಹವನ್ನೂ ಹೆರೆದು ತೆಗೆಯುತ್ತಾರೆ. ಹೆರೆಯುವ ಉಳಿಯ ತುದಿಯಲ್ಲಿ ಕೃತಕ ವಜ್ರ ಇರುತ್ತದೆ. ತಗ್ಗಿನಲ್ಲಿದ್ದ ಬಣ್ಣ ತಗ್ಗಿನಲ್ಲೇ ಉಳಿಯುತ್ತದೆ, ಉಬ್ಬಿದ ಮುಖ ಬರಿಯ ಲೋಹವಾಗಿ ಹೊಳೆಯುತ್ತದೆ. ಮೇಲೆ ಲ್ಯಾಕರ್ ಎಂಬ ಪಾರದರ್ಶಕ ಲೇಪದ ಒಂದು ಪದರ. ಅಂದರೆ ನೀವು ನೋಡಿ ಮೆಚ್ಚಿದ ಹೊಳಪು ಬಣ್ಣದ್ದಲ್ಲ, ಬೆತ್ತಲೆ ಅಲ್ಯೂಮಿನಿಯಮ್ಮಿನದು. ಅದರ ಮಾನ ಕಾಯುತ್ತಿರುವುದು ಆ ಒಂದು ಪದರ ಲ್ಯಾಕರ್ ಮಾತ್ರ.

ಅಲ್ಯೂಮಿನಿಯಂ ಸ್ವಭಾವತಃ ಕಬ್ಬಿಣದಷ್ಟು ಬೇಗ ಕೆಡುವುದಿಲ್ಲ. ಗಾಳಿ ತಾಗಿದ ಕೂಡಲೇ ತನ್ನ ಮೈಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆಯನ್ನು ತಾನೇ ಹೊದ್ದುಕೊಳ್ಳುತ್ತದೆ. ಈ ಪೊರೆಗೆ ಆಗದ ವಸ್ತು ಉಪ್ಪಿನಲ್ಲಿರುವ ಕ್ಲೋರೈಡ್. ಲ್ಯಾಕರ್ ಹಾರಿದ ಚುಕ್ಕಿಯಲ್ಲಿ ಉಪ್ಪಿನಂಶದ ನೀರು ಇಳಿದರೆ ಪೊರೆ ಒಡೆಯುತ್ತದೆ. ಅಲ್ಲಿಂದ ಗೆರೆ ಲ್ಯಾಕರಿನಡಿ ಹೊರಡುತ್ತದೆ. ಗೆರೆಯ ಮುಂತುದಿಗೆ ಆಮ್ಲಜನಕ ಸರಿಯಾಗಿ ತಲುಪುವುದಿಲ್ಲ. ಅಲ್ಲಿ ಹುಳಿ ಕಟ್ಟಿಕೊಂಡು ಲೋಹವನ್ನು ಕರಗಿಸುತ್ತ ಸಾಗುತ್ತದೆ. ಹಿಂದೆ ಗಾಳಿಯಾಡುವ ಕಡೆ ಕರಗಿದ ಲೋಹ ಬಿಳಿ ಪುಡಿಯಾಗಿ ನಿಲ್ಲುತ್ತದೆ. ನಮ್ಮ ಕಣ್ಣಿಗೆ ಬೀಳುವುದು ಈ ಬಾಲ. ಕೆಲಸ ನಡೆದಿರುವುದು ತಲೆಯಲ್ಲಿ. ಗಾಳಿಯ ತೇವಾಂಶ ಶೇಕಡ 65ರಿಂದ 95ರ ನಡುವೆ ಇದ್ದರೆ ಈ ಗೆರೆಗಳಿಗೆ ಸುಗ್ಗಿ. ಬೆಂಗಳೂರಿನ ಮಳೆಗಾಲ ಅವಕ್ಕೆ ಹೇಳಿ ಮಾಡಿಸಿದ ಕಾಲ.

ಇನ್ನೊಂದು ಸೂಕ್ಷ್ಮ. ಹೊಳೆಯುವ ಮುಖವೂ ಕಪ್ಪು ತಗ್ಗೂ ಸೇರುವ ಕಡೆ ಲೇತ್‌ನ ಉಳಿ ಚೂಪಾದ ಅಂಚು ಬಿಟ್ಟಿರುತ್ತದೆ. ಹಸಿ ಲ್ಯಾಕರ್ ಚೂಪು ಅಂಚಿನಲ್ಲಿ ನಿಲ್ಲುವುದಿಲ್ಲ, ಎರಡೂ ಕಡೆ ಜಾರಿ ಅಂಚಿನಲ್ಲಿ ತೆಳುವಾಗುತ್ತದೆ. ಹಾಗಾಗಿ ಕಲ್ಲೇಟು ಇಲ್ಲದಿದ್ದರೂ ಎಷ್ಟೋ ಚಕ್ರಗಳಲ್ಲಿ ಬಿಳಿಗೆರೆ ಹುಟ್ಟುವುದು ಇಂಥ ಅಂಚಿನಲ್ಲೇ.

ಇನ್ನು ನಮ್ಮ ಬಡಾವಣೆಗಳ ಕೊಡುಗೆ. ಊರು ಉತ್ತರಕ್ಕೆ ಬೆಳೆಯುತ್ತಲೇ ಇದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಬಳ್ಳಾರಿ ರಸ್ತೆಯ ಎರಡೂ ಮಗ್ಗುಲಲ್ಲಿ ಕಟ್ಟಡದ ಕೆಲಸ ನಿಂತದ್ದಿಲ್ಲ. ಟಿಪ್ಪರಿನಿಂದ ಉದುರಿದ ಜಲ್ಲಿ ಸರ್ವಿಸ್ ರಸ್ತೆಯ ಅಂಚಿನಲ್ಲಿ ಬಿದ್ದಿರುತ್ತದೆ. ಮುಂದಿನ ಕಾರಿನ ಟೈರು ಚಿಮ್ಮಿಸಿದ್ದು ನಮ್ಮ ಚಕ್ರಕ್ಕೆ. ಬೇಸ್‌ಮೆಂಟಿನ ಇಳಿಜಾರಿನಲ್ಲಿ ತಿರುವು ಬಿಗಿ, ಪಕ್ಕದ ಕಟ್ಟೆಗೆ ರಿಮ್ ಉಜ್ಜುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಮೆಷಿನ್ ಇಲ್ಲದೆ ಕಬ್ಬಿಣದ ಲಿವರ್ ಹಾಕಿ ಟೈರು ಬಿಚ್ಚಿದರೆ ಅಂಚಿನ ಲ್ಯಾಕರ್ ಅಲ್ಲೇ ಖತಂ. ಬ್ಯಾಲೆನ್ಸಿಂಗ್ ಮಾಡುವಾಗ ರಿಮ್ಮಿನ ಅಂಚಿಗೆ ಸುತ್ತಿಗೆಯಿಂದ ಬಡಿದು ಕೂರಿಸುವ ತೂಕದ ತುಂಡುಗಳೂ ಅಷ್ಟೇ. ಬೇರೆ ಲೋಹ, ಒದ್ದೆ, ಗೀರು ಬಿದ್ದ ಅಲ್ಯೂಮಿನಿಯಂ, ಮೂರೂ ಸೇರಿದರೆ ಕೆಡುವುದು ಬೇಗ. ಅಲಾಯ್ ಚಕ್ರಕ್ಕೆ ಒಳಗಡೆ ಅಂಟಿಸುವ ತೂಕವೇ ಸರಿ.

ಕಾರು ತೊಳೆಯುವ ಕಡೆಯೂ ಒಂದು ಮಾತು. ಬೋರ್‌ವೆಲ್ಲಿನ ಅಥವಾ ಟ್ಯಾಂಕರಿನ ಗಡಸು ನೀರು ಹಾಕಿ ಒರೆಸದೆ ಬಿಟ್ಟರೆ, ನೀರು ಆರಿದರೂ ಉಪ್ಪು ಉಳಿಯುತ್ತದೆ. ಬ್ರೇಕಿನಿಂದ ಹಾರುವ ಕಬ್ಬಿಣದ ಬಿಸಿ ಪುಡಿ ಲ್ಯಾಕರಿಗೆ ಅಂಟಿ ಕಂದು ಚುಕ್ಕೆಗಳಾಗುತ್ತವೆ. ಅದನ್ನು ಒಂದೇ ಏಟಿಗೆ ತೆಗೆಯಲು ಕೆಲವರು ಆಸಿಡ್ ಬಳಸುತ್ತಾರೆ. ಅಲ್ಯೂಮಿನಿಯಮ್ಮಿಗೆ ಆಮ್ಲವೂ ಆಗದು, ಕಾಸ್ಟಿಕ್ ಸೋಡದಂಥ ಕ್ಷಾರವೂ ಆಗದು. ಆ ಹೊತ್ತಿಗೆ ಚಕ್ರ ಬೆಳ್ಳಗಾಗುತ್ತದೆ, ಮುಂದಿನ ಮಳೆಗಾಲದಲ್ಲಿ ಗೆರೆ ಏಳುತ್ತದೆ. ರಜೆಗೆ ಉಡುಪಿಗೋ ಗೋಕರ್ಣಕ್ಕೋ ಹೋಗಿ ಕಡಲ ಗಾಳಿಯಲ್ಲಿ ನಾಲ್ಕು ದಿನ ಕಾರು ನಿಲ್ಲಿಸಿ ಬಂದವರು ಮನೆಗೆ ಬಂದ ದಿನವೇ ಚಕ್ರವನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಒರೆಸುವುದು ಒಳ್ಳೆಯದು.

ಸರಿ, ಗೆರೆ ಎದ್ದಾಯಿತು. ಗ್ಯಾರೇಜಿಗೆ ಹೋದರೆ ಮೂರು ದಾರಿ ತೋರಿಸುತ್ತಾರೆ.

ಮೊದಲನೆಯದು ತೇಪೆ. ಕೆಟ್ಟ ಜಾಗವನ್ನಷ್ಟೇ ಉಪ್ಪುಕಾಗದದಿಂದ ಉಜ್ಜಿ, ಸಿಲ್ವರ್ ಬಣ್ಣ ಹೊಡೆದು, ಮೇಲೆ ಲ್ಯಾಕರ್. ಅಗ್ಗ, ಸಂಜೆಯೊಳಗೆ ಕಾರು ಮನೆಗೆ. ಆದರೆ ಪಕ್ಕದ ಲ್ಯಾಕರಿನಡಿ ಗೆರೆಯ ತಲೆ ಉಳಿದಿದ್ದರೆ ಅದು ತನ್ನ ದಾರಿ ಹಿಡಿದು ಹೊರಡುತ್ತದೆ. ಕಾರು ಮಾರುವ ಮುಂಚೆ ಮಾಡಿಸುವ ಕೆಲಸ ಇದು; ಇಟ್ಟುಕೊಳ್ಳುವವರಿಗಲ್ಲ.

ಎರಡನೆಯದು ಪೂರ್ತಿ ಬಣ್ಣ. ಟೈರು, ವಾಲ್ವ್, ತೂಕ ಎಲ್ಲ ತೆಗೆದು, ಹಳೆಯ ಲೇಪವನ್ನು ರಾಸಾಯನಿಕದಿಂದಲೋ ಬ್ಲಾಸ್ಟಿಂಗಿನಿಂದಲೋ ಬಿಡಿಸಿ, ಇಡೀ ಚಕ್ರಕ್ಕೆ ಒಂದೇ ಬಣ್ಣದ ಪೌಡರ್ ಕೋಟಿಂಗ್ ಮಾಡಿಸುವುದು. ವಿದ್ಯುತ್ ಹಾಯಿಸಿದ ಬಣ್ಣದ ಪುಡಿ ಚಕ್ರಕ್ಕೆ ಅಂಟಿಕೊಳ್ಳುತ್ತದೆ. ಒಲೆಯಲ್ಲಿ ಬೇಯಿಸಿದಾಗ ಕರಗಿ ಗಟ್ಟಿ ಚರ್ಮವಾಗುತ್ತದೆ. ಕಪ್ಪು ಬಿಳುಪಿನ ಜೋಡಿ ಹೋಗುತ್ತದೆ, ನಿಜ. ಬದಲಿಗೆ ಬೆತ್ತಲೆ ಲೋಹ ಎಲ್ಲೂ ಉಳಿಯುವುದಿಲ್ಲ, ಚಕ್ರದ ಮೈ ಸವೆಯುವುದಿಲ್ಲ.

ಮೂರನೆಯದು ಮತ್ತೆ ಡೈಮಂಡ್ ಕಟ್. ಇದು ನೋಡಲು ಚೆಂದದ ಕೆಲಸ. ಯಶವಂತಪುರ ದಾಟಿ ತುಮಕೂರು ರಸ್ತೆ ಹಿಡಿದರೆ ಸಿಗುವ ಪೀಣ್ಯದಂಥ ಕಡೆ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಲೇತ್ ಓಡುವುದನ್ನು ನೋಡಿ ಬೆಳೆದವರಿಗೆ ಹೊಸದೇನಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಬಣ್ಣ ಬಳಿದು ಬೇಯಿಸಿದ ಚಕ್ರವನ್ನು ಲೇತ್‌ಗೆ ಕಟ್ಟುತ್ತಾರೆ. ಉಳಿ ಮುಟ್ಟುವ ಮುಂಚೆ ಒಂದು ಸಣ್ಣ ಸೂಜಿಮೊನೆ ಅಥವಾ ಲೇಸರ್ ಕಿರಣ ರಿಮ್ಮಿನ ಅಂಚಿನಿಂದ ನಡುವಿನವರೆಗೆ ಮುಖವನ್ನು ಅಳೆಯುತ್ತ ಬರುತ್ತದೆ. ಗುಂಡಿಗೆ ಬಿದ್ದ ಚಕ್ರ ಕಾರ್ಖಾನೆಯ ನಕ್ಷೆಯಂತೆ ಉಳಿದಿರುವುದಿಲ್ಲ. ಪ್ರತಿಯೊಂದಕ್ಕೂ ಅದರದೇ ಡೊಂಕು. ಆ ಡೊಂಕನ್ನು ಕಂಪ್ಯೂಟರ್ ಬರೆದುಕೊಂಡ ಮೇಲೆಯೇ ವಜ್ರದ ಉಳಿ ಇಳಿಯುವುದು. ಕಡ್ಡಿ ಸಿಕ್ಕಿದಾಗ ಲೋಹ, ಕಡ್ಡಿಗಳ ನಡುವೆ ಬರಿ ಗಾಳಿ. ಆದ್ದರಿಂದ ಸದ್ದು ಒಂದೇ ಸಮ ಬರುವುದಿಲ್ಲ, ಟಕಟಕ ಟಕಟಕ ಎಂದು ತಾಳ ಹಾಕಿದ ಹಾಗೆ. ಬೆಳ್ಳನೆಯ ಸಣ್ಣ ಚೂರುಗಳು ಉದುರುತ್ತವೆ. ಕಪ್ಪು ಮುಖದ ಮೇಲೆ ಬಿಳಿಯ ಉಂಗುರ ಅಗಲವಾಗುತ್ತ ಬರುತ್ತದೆ. ಒಂದು ಸಲಕ್ಕೆ ಹೋಗುವ ಲೋಹ ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗ. ಬಿಳಿಗೆರೆ ಲೋಹವನ್ನು ತಿಂದ ತಗ್ಗು ಅದಕ್ಕಿಂತ ಆಳವಿದ್ದರೆ ಹೊಳಪಿನ ನಡುವೆ ಒಂದು ಕಪ್ಪು ಚುಕ್ಕೆ ಉಳಿಯುತ್ತದೆ. ಆಗ ಲೇತ್ ಮುಂದೆ ನಿಂತವನು ತೀರ್ಮಾನ ಮಾಡಬೇಕು: ಚುಕ್ಕೆ ಹಾಗೇ ಬಿಡುವುದೋ, ಇನ್ನೊಂದು ಸುತ್ತು ಹೆರೆಯುವುದೋ?

ವಜ್ರವೇ ಯಾಕೆ ಬೇಕು? ಮಾಮೂಲಿ ಉಳಿಗೆ ಅಲ್ಯೂಮಿನಿಯಂ ಅಂಟಿಕೊಳ್ಳುತ್ತದೆ, ಅಂಟಿದ ಚೂರು ಮುಖವನ್ನು ಗೀರುತ್ತದೆ. ಮೇಲಾಗಿ ಲೋಹದೊಳಗಿನ ಸಿಲಿಕಾನ್ ಕಣಗಳು ಗಡಸು, ಉಳಿಯನ್ನು ಬೇಗ ಸವೆಸುತ್ತವೆ. ವಜ್ರಕ್ಕೆ ಈ ಎರಡೂ ಕಾಟ ಕಡಿಮೆ. ಆದರೆ ಇದೇ ವಜ್ರ ಉಕ್ಕಿನ ಮುಂದೆ ಸೋಲುತ್ತದೆ. ವಜ್ರವೆಂದರೆ ಇಂಗಾಲ; ಕೊರೆಯುವ ಕಾವಿನಲ್ಲಿ ಕಬ್ಬಿಣ ಇಂಗಾಲವನ್ನು ಎಳೆದುಕೊಳ್ಳುತ್ತದೆ.

ಲೇತ್‌ನ ಈ ವಿದ್ಯೆ ನಮ್ಮ ಉತ್ತರ ಬೆಂಗಳೂರಿಗೆ ಹೊಸದಾಗಿ ಬಂದ ನೆಂಟನಲ್ಲ. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ ಜಾಲಹಳ್ಳಿಯಲ್ಲಿ ಹುಟ್ಟಿದ್ದು 1953ರಲ್ಲಿ; ಕೈಗಡಿಯಾರಕ್ಕಿಂತ ಮೊದಲು ಅದು ಮಾಡಿದ್ದು ಲೇತ್. 1962ರಲ್ಲಿ ತುಮಕೂರು ರಸ್ತೆಯಲ್ಲಿ ಯಂತ್ರೋಪಕರಣಗಳ ಸಂಶೋಧನೆಗೆಂದು ಸಿಎಂಟಿಐ ಸಂಸ್ಥೆ ಶುರುವಾಯಿತು. ಅಲ್ಲಿನವರು 'ನ್ಯಾನೋಶೇಪ್ ಟಿ250' ಎಂಬ ಲೇತ್ ರೂಪಿಸಿದ್ದಾರೆ. ಅದರಲ್ಲೂ ಕೊರೆಯುವುದು ವಜ್ರವೇ, ಆದರೆ ಮೇಲ್ಮೈಯ ನಯವನ್ನು ಅಳೆಯುವುದು ನ್ಯಾನೋಮೀಟರಿನ ಲೆಕ್ಕದಲ್ಲಿ. ಕನ್ನಡಿ, ಮಸೂರಗಳಂಥ ಕೆಲಸಕ್ಕೆ. ಕಾರಿನ ಚಕ್ರ ಹೆರೆಯುವ ಲೇತ್ ಇದರ ಮುಂದೆ ತೀರ ಒರಟು. ಒರಟಿರಲಿ ನಯವಿರಲಿ, ತತ್ವ ಒಂದೇ. ಹೊಳಪು ಬರುವುದು ಏನನ್ನೋ ಸೇರಿಸುವುದರಿಂದಲ್ಲ, ಇದ್ದುದನ್ನು ಕಳೆಯುವುದರಿಂದ.

ನನ್ನ ಇವತ್ತಿನ ಮಾತಿನ ತಿರುಳು ಇದು. ಹಿಂದೆ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದರು. ಕಲಾಯಿ ಸವೆದರೆ ಮತ್ತೆ ಹಾಕಿಸಿದರಾಯಿತು, ಪಾತ್ರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತಿತ್ತು. ಡೈಮಂಡ್ ಕಟ್ ಇದಕ್ಕೆ ಉಲ್ಟಾ. ಹೊಳಪು ಬೇಕೆನಿಸಿದಾಗಲೆಲ್ಲ ಪಾತ್ರೆಯನ್ನೇ ಹೆರೆಯಬೇಕು. ಬಣ್ಣವನ್ನು ಎಷ್ಟು ಸಲವಾದರೂ ಬಳಿಯಬಹುದು, ಹೋದ ಲೋಹವನ್ನು ತರುವವರಿಲ್ಲ.

ಚಕ್ರ ಹೆರೆಯುವುದೇ ತಪ್ಪೇ? ಖಂಡಿತ ಅಲ್ಲ. ಇದಕ್ಕೆ ಉದಾಹರಣೆ ರೈಲಿನ ಗಾಲಿ; ಅದರ ಕಾರ್ಖಾನೆ ಯಲಹಂಕದಲ್ಲೇ ಇದೆ. 1984ರ ಸೆಪ್ಟೆಂಬರಿನಲ್ಲಿ ಅಲ್ಲಿ ವ್ಹೀಲ್ ಅಂಡ್ ಆಕ್ಸಲ್ ಪ್ಲಾಂಟ್ ಎಂಬ ಹೆಸರಿನಲ್ಲಿ ರಾಷ್ಟ್ರಕ್ಕೆ ಸಮರ್ಪಣೆಯಾದ ಕಾರ್ಖಾನೆ ಇವತ್ತಿನ ರೈಲು ಗಾಲಿ ಕಾರ್ಖಾನೆ. ಸವೆದು ಗುಜರಿಯಾದ ರೈಲು ಗಾಲಿ, ಆಕ್ಸಲ್‌ಗಳನ್ನೇ ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಗ್ರಾಫೈಟಿನ ಅಚ್ಚಿಗೆ ಹೊಯ್ದು ಹೊಸ ಗಾಲಿ ತೆಗೆಯುತ್ತಾರೆ. ಹಳಿಯ ಮೇಲೆ ಓಡಿ ಓಡಿ ಗಾಲಿಯ ಅಂಚು ಸವೆದಾಗ ರೈಲ್ವೆಯವರು ಅದನ್ನು ಲೇತ್‌ಗೆ ಕಟ್ಟಿ ಹೆರೆದು ಮತ್ತೆ ಆಕಾರಕ್ಕೆ ತರುತ್ತಾರೆ. ಒಂದು ಸಲವಲ್ಲ, ಹಲವು ಸಲ. ಎಲ್‌ಎಚ್‌ಬಿ ಎಂಬ ಮಾದರಿಯ ಪ್ರಯಾಣಿಕರ ಬೋಗಿಯ ಗಾಲಿಯ ವ್ಯಾಸ ಹೊಸದರಲ್ಲಿ 915 ಮಿಲಿಮೀಟರ್. ಹೆರೆದು ಸವೆದು 845ಕ್ಕೆ ಇಳಿದರೆ ಅದರ ಸೇವೆ ಮುಗಿಯಿತು. ನಡುವಿನ 70 ಮಿಲಿಮೀಟರ್ ಹೆರೆಯಲೆಂದೇ, ಸವೆಯಲೆಂದೇ ಕೊಟ್ಟ ಲೋಹ. ಎಷ್ಟು ಖರ್ಚಾಯಿತು, ಎಷ್ಟು ಉಳಿದಿದೆ ಎಂಬುದಕ್ಕೆ ಅಳತೆ ಇದೆ, ದಾಖಲೆ ಇದೆ, ಇನ್ನು ಸಾಕು ಎನ್ನುವ ಗೆರೆ ಇದೆ.

ಕಾರಿನ ಅಲಾಯ್ ಚಕ್ರಕ್ಕೆ ಇಂಥ ಧಾರಾಳ ಇಲ್ಲ. ಹಗುರವಾಗಿರಲಿ ಎಂದೇ ಅದನ್ನು ಮಾಡಿರುವುದು. ಪರಿಚಯದ ಗ್ಯಾರೇಜಿನ ಕೆಲಸಗಾರರೊಬ್ಬರನ್ನು ಒಮ್ಮೆ ಕೇಳಿದೆ: "ಒಂದು ರಿಮ್ ಎಷ್ಟು ಸಲ ಕಟ್ ಮಾಡ್ಬಹುದಣ್ಣ?"

"ಎರಡು ಸಲ ಸಾರ್. ಹೆಚ್ಚಂದ್ರೆ ಮೂರು. ಆದ್ರೆ ನನ್ ಹತ್ರ ಬರೋಕೆ ಮುಂಚೆ ಯಾರ್ಯಾರು ಎಷ್ಟೆಷ್ಟು ಹೆರೆದಿದ್ದಾರೋ, ನನಗೆ ಹೆಂಗ್ ಗೊತ್ತಾಗ್ಬೇಕು ಹೇಳಿ?"

ಅವರ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಅದಕ್ಕೆ ಮುಂಚೆ, ಹೊಳಪಿನ ಆಸೆಯಲ್ಲಿ ಮರೆತುಹೋಗುವ ಮೂರು ಸಂಗತಿ. ಒಂದು, ಬಿರುಕು. ಗುಂಡಿಯ ಏಟು ಹೆಚ್ಚಾಗಿ ಬೀಳುವುದು ಚಕ್ರದ ಒಳಮೈಗೆ, ಹೊರಗಿನಿಂದ ಕಾಣದ ಕಡೆ. ವಾರಕ್ಕೊಮ್ಮೆ ಒಂದೇ ಟೈರಿನಲ್ಲಿ ಗಾಳಿ ಕಮ್ಮಿಯಾಗುತ್ತಿದ್ದು, ಪಂಕ್ಚರ್ ಸಿಗುತ್ತಿಲ್ಲವೆಂದರೆ, ಚಕ್ರ ಬಿಚ್ಚಿಸಿ ಒಳಮೈಗೆ ಸೋಪಿನ ನೀರು ಬಳಿದು ಗುಳ್ಳೆ ಬರುತ್ತದೆಯೇ ನೋಡಿಸಿ. ಬಣ್ಣ ಬಿಡಿಸಿದ ಮೇಲೆ, ಹೊಸ ಬಣ್ಣ ಬಳಿಯುವ ಮುಂಚೆ, ಬಿರುಕು ಹುಡುಕಲು ಒಳ್ಳೆಯ ಸಮಯ ಅದು. ಆಗ ನೀವೇ ಹೋಗಿ ನೋಡಿ. ಕಡ್ಡಿಯಲ್ಲೋ ನಟ್ಟಿನ ತೂತುಗಳ ಸುತ್ತಲೋ ಬಿರುಕಿದ್ದರೆ ವೆಲ್ಡಿಂಗ್ ಮಾತೇ ಬೇಡ, ಆ ಚಕ್ರ ಗುಜರಿಗೆ. ಕಾರ್ಖಾನೆಯಲ್ಲಿ ಕಾಯಿಸಿ ಹದ ಮಾಡಿದ ಲೋಹ ವೆಲ್ಡಿಂಗಿನ ಕಾವಿಗೆ ಅಕ್ಕಪಕ್ಕದಲ್ಲಿ ಮೆತ್ತಗಾಗುತ್ತದೆ.

ಎರಡು, ಅದೇ ಕಾವಿನ ಇನ್ನೊಂದು ಮುಖ. ಪೌಡರ್ ಕೋಟಿಂಗ್ ಒಲೆ ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ವಲ್ಪ ಹೊತ್ತು ಓಡುತ್ತದೆ. ಬೇಗ ಮುಗಿಯಲಿ ಎಂದು ಕಾವು ಏರಿಸಿದರೆ, ಮತ್ತೆ ಮತ್ತೆ ಬೇಯಿಸಿದರೆ, ಲೋಹದ ಹದ ತಪ್ಪುತ್ತದೆ. ಗ್ಯಾರೇಜಿನವರನ್ನು ಸಂಕೋಚವಿಲ್ಲದೆ ಕೇಳಿ: ಒಲೆ ಎಷ್ಟು ಡಿಗ್ರಿ, ಎಷ್ಟು ನಿಮಿಷ? ಕೆಲಸ ಬಲ್ಲವರು ಥಟ್ಟನೆ ಹೇಳುತ್ತಾರೆ.

ಮೂರು, ನಟ್. ಚಕ್ರ ಹಬ್ಬಿಗೆ ಕೂರುವ ಹಿಂಬದಿಗೂ ನಟ್ ಕೂರುವ ತೂತುಗಳಿಗೂ ದಪ್ಪ ಪೌಡರ್ ಬೀಳಬಾರದು, ಬಳಿಯುವಾಗ ಮುಚ್ಚಬೇಕು. ಅಲ್ಲಿ ಲೇಪವಿದ್ದರೆ ಓಡಾಟದಲ್ಲಿ ಅದು ಅಮುಕಿಹೋಗಿ ನಟ್ ಸಡಿಲವಾಗುತ್ತದೆ. ಚಕ್ರ ಹಾಕಿಸಿಕೊಂಡು ಬಂದ ಮೇಲೆ ಐವತ್ತು ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ನಟ್ ಬಿಗಿ ನೋಡಿಸಲೇಬೇಕು. ಟಾರ್ಕ್ ರೆಂಚಿನಲ್ಲಿ, ಪೈಪು ತೂರಿಸಿದ ಸ್ಪ್ಯಾನರಿನ ಮೇಲೆ ಹತ್ತಿ ಕುಣಿದು ಅಲ್ಲ.

ಇಷ್ಟೂ ಸರಿಯಿದ್ದು ಹೆರೆಸಿದಿರಿ ಎನ್ನಿ. ಆಮೇಲೆ ಬಾಳಿಕೆ ನಿಂತಿರುವುದು ಹೆರೆದ ನಂತರದ ಗಳಿಗೆಗಳಲ್ಲಿ. ಹೊಸದಾಗಿ ಹೆರೆದ ಮುಖವನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆವರಿನಲ್ಲಿ ಉಪ್ಪಿದೆ, ಬೆರಳಿನಲ್ಲಿ ಜಿಡ್ಡಿದೆ. ಚೆನ್ನಾಗಿ ತೊಳೆದು, ಲ್ಯಾಕರ್ ಹಿಡಿಯಲು ಲೋಹಕ್ಕೆ ರಾಸಾಯನಿಕ ಪೂರ್ವಲೇಪ ಕೊಟ್ಟು, ತಡಮಾಡದೆ ಲ್ಯಾಕರ್ ಹಾಕಬೇಕು. ಚೂಪು ಅಂಚುಗಳನ್ನು ತುಸು ಮೊಂಡು ಮಾಡಿದ್ದರೆ ಇನ್ನೂ ಒಳ್ಳೆಯದು. ಈ ಹಂತದಲ್ಲಿ ಅವಸರ ಮಾಡಿದರೆ ಫೋಟೋದಲ್ಲಿ ಚಕ್ರ ಹೊಚ್ಚಹೊಸದು. ಮುಂದಿನ ಆಷಾಢ ಶ್ರಾವಣದೊಳಗೆ ಮತ್ತೆ ಬಿಳಿಗೆರೆ. ಆಗ ಮತ್ತೆ ಹೆರೆಸಿದರೆ ಲೋಹದ ಇನ್ನೊಂದು ಪದರ ಸುಮ್ಮನೆ ಖರ್ಚಾದಂತೆ.

ಹಾಗಾದರೆ ಯಾವ ದಾರಿ ಹಿಡಿಯಬೇಕು? ಕಾರು ಹೊಸದು, ಗೆರೆ ಮೇಲೆ ಮೇಲೆ ಇದೆ, ಚಕ್ರ ಹಿಂದೆಂದೂ ಲೇತ್ ಕಂಡಿಲ್ಲ ಎಂದಾದರೆ ಒಂದು ಸಲ ಡೈಮಂಡ್ ಕಟ್ ಮಾಡಿಸುವುದರಲ್ಲಿ ತಪ್ಪಿಲ್ಲ. ಕಲ್ಲು ಮಣ್ಣಿನ ರಸ್ತೆಯಲ್ಲೇ ನಿಮ್ಮ ದಿನದ ಓಡಾಟವಾದರೆ, ಕಡಲತೀರದ ಊರಿಗೆ ಹೋಗಿಬರುತ್ತಿದ್ದರೆ, ಅಥವಾ ಈಗಾಗಲೇ ಒಮ್ಮೆ ಹೆರೆಸಿದ್ದರೆ, ಒಂದೇ ಬಣ್ಣದ ಪೌಡರ್ ಕೋಟಿಂಗ್ ಹಾಕಿಸಿ ನೆಮ್ಮದಿಯಾಗಿರಿ. ಸೆಕೆಂಡ್‌ಹ್ಯಾಂಡ್ ಕಾರಿನ ಚಕ್ರದ ಪೂರ್ವಾಪರ ಗೊತ್ತಿಲ್ಲವೇ? ಎರಡು ಸಲ ಹೆರೆದಿರಬಹುದು ಎಂದೇ ಎಣಿಸಿ, ಬಣ್ಣದ ದಾರಿ ಹಿಡಿಯುವುದು ಜಾಣತನ.

ಈಗ ಗ್ಯಾರೇಜಿನ ಆ ಅಣ್ಣ ಕೇಳಿದ ಪ್ರಶ್ನೆಗೆ ಬರೋಣ. ಮುಂಚೆ ಎಷ್ಟು ಹೆರೆದಿದ್ದಾರೆಂದು ತಿಳಿಯುವುದು ಹೇಗೆ? ರೈಲ್ವೆಯವರು ಗಾಲಿಯ ಮೈಮೇಲೆ ಅದರ ಗುರುತಿನ ಸಂಖ್ಯೆ ಒತ್ತಿರುತ್ತಾರೆ, ಅಳತೆ ಬರೆದಿಡುತ್ತಾರೆ. ನಮ್ಮ ಅಲಾಯ್ ಕೆಲಸದವರೂ ಒಂದು ಪದ್ಧತಿ ಮಾಡಿಕೊಳ್ಳಬಹುದು. ಹೆರೆದ ತಾರೀಖು, ಇದು ಎಷ್ಟನೆಯ ಸಲ, ಎಷ್ಟು ಮಿಲಿಮೀಟರ್ ಹೋಯಿತು, ಇಷ್ಟನ್ನು ಬಿಲ್ಲಿನಲ್ಲಿ ಬರೆದು ಕೊಡುವುದು. ಚಕ್ರದ ಒಳಮೈಯಲ್ಲಿ, ಲೇಪದ ಅಡಿಯಲ್ಲಿ ಉಳಿಯುವಂಥ ಒಂದು ಬಣ್ಣದ ಗುರುತು ಹಾಕುವುದು. ಲೋಹಕ್ಕೆ ಉಳಿ ಹೊಡೆದು ಅಲ್ಲ, ಬಣ್ಣದಲ್ಲಿ. ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ಹೊಸ ಯಂತ್ರವೂ ಬೇಕಿಲ್ಲ. ಹೆರೆಯುವ ಮುಂಚೆ ಲೇತ್ ಹೇಗೂ ಅಳೆಯುತ್ತದೆ. ಆ ಅಳತೆಯನ್ನು ಕಾಗದಕ್ಕೆ ಇಳಿಸಿದರೆ ಸಾಕು. ಗಿರಾಕಿಗಳಾದ ನಾವು ಆ ಕಾಗದವನ್ನು ಸರ್ವಿಸ್ ಪುಸ್ತಕದ ಜೊತೆ ಇಟ್ಟು, ಕಾರು ಮಾರುವಾಗ ಕೊಂಡವರ ಕೈಗೆ ಕೊಡಬೇಕು. ಗಿರಾಕಿಗಳು ಕೇಳಲು ಶುರುಮಾಡಿದರೆ ಗ್ಯಾರೇಜಿನವರು ಬರೆಯಲು ಶುರುಮಾಡುತ್ತಾರೆ. ಮುಂದಿನ ಸಲ "ಎಷ್ಟಾಗುತ್ತೆ?" ಎಂದು ಕೇಳುವಾಗ ಜೊತೆಗೆ "ಎಷ್ಟು ಹೋಗುತ್ತೆ, ಎಷ್ಟು ಉಳಿಯುತ್ತೆ?" ಎಂದೂ ಕೇಳಿ.